ಒಳ್ಳೆಯ ಸಮಾರ್ಯದವನನ್ನು ಓದುವ ಎರಡು ದಾರಿ

ಮಂಗಳೂರಿನ ಬಲ್ಮಠದ ಆಸುಪಾಸಿನ ಯಾವುದೋ ಮನೆಯಲ್ಲಿ ಮೊದಲ ಸಲ ಬೈಬಲ್ ಅಧ್ಯಯನ ನಡೆಸಲು ಹೊರಟಿದ್ದೀರಾ? ಲೂಕ 10ರ ಒಳ್ಳೆಯ ಸಮಾರ್ಯದವನ ಕತೆಯನ್ನೇ ಎದುರಿಗಿಟ್ಟುಕೊಳ್ಳಿ. ‘ನನ್ನ ನೆರೆಯವನು ಯಾರು?’ ಎಂದ ಧರ್ಮೋಪದೇಶಕನಿಗೆ, ಅಂದರೆ ಯೆಹೂದ್ಯ ಧರ್ಮಶಾಸ್ತ್ರದ ಪಂಡಿತನಿಗೆ, ಯೇಸು ಹೇಳಿದ ಕತೆಯಿದು: ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟವನನ್ನು ಕಳ್ಳರು ಹೊಡೆದು ಬಿಟ್ಟುಹೋಗುತ್ತಾರೆ; ಇಬ್ಬರು ನೋಡಿಯೂ ದಾಟಿಹೋಗುತ್ತಾರೆ, ಸಮಾರ್ಯದವನೊಬ್ಬ ಅವನನ್ನು ಛತ್ರಕ್ಕೆ ಒಯ್ದು, ಆರೈಕೆಗೆಂದು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ.

ಸಾಂಕೇತಿಕ ಓದಿನಲ್ಲಿ ಪ್ರತಿ ವಿವರವೂ ಇನ್ನೊಂದರ ಗುರುತು. ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನನಿಗೆ ಗಾಯಗೊಂಡವನು ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರ ಎಂದರೆ ಕ್ರೈಸ್ತ ಸಭೆ, ಛತ್ರದವನು ಅಪೊಸ್ತಲ ಪೌಲ. ಪ್ರಾರ್ಥನೆಗೆ ಇದು ಚೆನ್ನಾಗಿ ಒದಗುತ್ತದೆ. ಆದರೆ ಪೌಲನೇ ಏಕೆ, ಪೇತ್ರ ಏಕಲ್ಲ ಎಂದು ಯಾರಾದರೂ ಕೇಳಿದರೆ ವಚನದೊಳಗೆ ಉತ್ತರ ಸಿಗದು.

ಚಾರಿತ್ರಿಕ ಓದು ಬೇರೆಯದನ್ನು ಕೇಳುತ್ತದೆ: ಅಂದು ಎದುರಿಗೆ ಕೂತವರಿಗೆ ಇದು ಹೇಗೆ ಕೇಳಿಸಿತು? ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 1000 ಮೀಟರ್ ಇಳಿಜಾರು. ನಮ್ಮ ಘಾಟಿಯ ಹಸಿರಲ್ಲ, ಬೋಳು ಗುಡ್ಡಗಳ ನಡುವಿನ ದಾರಿ. ಎರಡು ಬೆಳ್ಳಿ ನಾಣ್ಯವೆಂದರೆ ಕೂಲಿಯಾಳಿನ ಎರಡು ದಿನದ ದುಡಿಮೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆಯೇ ಇರಲಿಲ್ಲ. ಕೊನೆಗೆ ನೆರೆಯವನಾದದ್ದು ಯಾರು ಎಂದು ಯೇಸು ಕೇಳಿದಾಗ ಧರ್ಮೋಪದೇಶಕನ ಬಾಯಿಂದ ‘ಸಮಾರ್ಯದವನು’ ಎಂಬ ಮಾತು ಹೊರಡುವುದಿಲ್ಲ, ದಯೆ ತೋರಿಸಿದವನು ಎಂದಷ್ಟೇ ಹೇಳುತ್ತಾನೆ. ಇದನ್ನು ಮೊದಲು ಗಮನಿಸಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಚಾರಿತ್ರಿಕ ಓದಿಗೆ ತಯಾರಿ ಹೆಚ್ಚು ಬೇಕು, ಭೂಪಟವೂ ಒಳ್ಳೆಯ ವ್ಯಾಖ್ಯಾನವೂ ಕೈಯಲ್ಲಿರಬೇಕು. ಆದರೂ ಗುಂಪು ನಡೆಸುವವರಿಗೆ ನಾನು ಹೇಳುವುದು ಇದನ್ನೇ. ಸಂಕೇತಗಳನ್ನು ಕೊನೆಯ ಪ್ರಾರ್ಥನೆಗೆ ಇಟ್ಟುಕೊಳ್ಳಿ. ಓದನ್ನು ಮಾತ್ರ 30ನೇ ವಚನದಿಂದಲ್ಲ, ಧರ್ಮೋಪದೇಶಕನ ಮೊದಲ ಪ್ರಶ್ನೆಯಿರುವ 25ರಿಂದಲೇ ಶುರುಮಾಡಿ.