ಕಪ್ಪು ಪುಕ್ಕ ನೋಡಿ ಕಡಕ್‌ನಾಥ್ ಅಂದುಕೊಳ್ಳಬೇಡಿ

ಹೋದ ವರ್ಷ ಕಾರ್ತಿಕದಲ್ಲಿ ಪರಿಚಯದ ಒಬ್ಬರಿಗೆ ಎರಡು ಹುಂಜ ಕೊಟ್ಟಿದ್ದೆ. ಅವರ ತಂದೆ ಆಪರೇಷನ್ ಆಗಿ ಮನೆಗೆ ಬಂದಿದ್ದರು. ಚರ್ಮ, ಮಾಂಸ ಎಲ್ಲ ಕಪ್ಪಗಿರುವ ಕಡಕ್‌ನಾಥ್ ಕೋಳಿಯ ಸಾರೇ ಬೇಕು ಅಂತ ಕೇಳಿದ್ದರು. ಎರಡಕ್ಕೂ ಸೇರಿ 1,800 ರೂಪಾಯಿ ತೆಗೆದುಕೊಂಡೆ. ಮಧ್ಯಾಹ್ನ ಅವರ ಮನೆಯಿಂದ ಫೋನ್ ಬಂತು. "ಪುಕ್ಕ ಕಿತ್ತರೆ ಚರ್ಮ ಬೆಳ್ಳಗಿದೆ ಅಕ್ಕ. ಮಾಂಸನೂ ಮಾಮೂಲಿ ಕೋಳಿ ಥರಾನೇ ಇದೆ" ಅಂದರು. ನನಗೆ ಮಾತೇ ಹೊರಡಲಿಲ್ಲ. ನಾನೇ ಮೋಸ ಹೋಗಿದ್ದೆ ಅನ್ನೋದು ನಿಜ. ಆದರೆ ಅವರ ಕಣ್ಣಲ್ಲಿ ಮೋಸ ಮಾಡಿದವಳು ನಾನು, ಅಲ್ವಾ?

ಆ ಹುಂಜಗಳು ಜೂನ್‌ನಲ್ಲಿ ತಂದ ಮರಿಗಳು. ಫೋನಿನಲ್ಲಿ ವಿಡಿಯೋ ನೋಡಿ, ಮರಿಗೆ 90 ರೂಪಾಯಿಯಂತೆ 60 ಮರಿಗೆ ಮೊದಲೇ 5,400 ರೂಪಾಯಿ ಕಳಿಸಿದ್ದೆ. ವಿಡಿಯೋದಲ್ಲಿ ಜುಟ್ಟಿನಿಂದ ಉಗುರಿನವರೆಗೆ ಕಪ್ಪಗಿದ್ದ ಕೋಳಿಗಳನ್ನು ತೋರಿಸಿದ್ದರು. ಬಸ್ಸಿನಲ್ಲಿ ಬಾಕ್ಸ್ ಬಂತು. ತೆರೆದರೆ ಮುದ್ದಾದ ಕರಿ ಮರಿಗಳು. ಹೊಟ್ಟೆಯ ಕೆಳಗೆ, ರೆಕ್ಕೆಯ ತುದಿಯಲ್ಲಿ ಮಾತ್ರ ಬಿಳಿ ಇತ್ತು. ಬೆಳೀತಾ ಹೋಗುತ್ತೆ ಅಂತ ಸುಮ್ನಾದೆ. ಮರಿಗಳು ಬೆಚ್ಚಗಿರಲಿ ಅಂತ ಬ್ರೂಡರ್ ಬಲ್ಬ್ ಕಟ್ಟಿದೆ, ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದೆ. 53 ಮರಿ ಉಳಿದವು.

ಮೊದಲು ಅನುಮಾನ ಪಟ್ಟಿದ್ದು ನಮ್ಮತ್ತೆ. ಮರಿಗಳಿಗೆ ಎರಡೂವರೆ ತಿಂಗಳಾದಾಗ ಹುಂಜಗಳ ಜುಟ್ಟು ಕೆಂಪಗೆ ತಿರುಗಿತು. ಅತ್ತೆ ಒಂದನ್ನು ಹಿಡಿದು ಮಗುಚಿ ಅಂಗಾಲು ತೋರಿಸಿದರು. ಕಾಲು ಮೇಲೆಲ್ಲ ಕಪ್ಪು, ಅಂಗಾಲು ಮಾತ್ರ ಬಿಳಿ. "ಇದು ಬರೀ ಕರಿ ಕೋಳಿ ಕಣಮ್ಮ" ಅಂದರು. ಮಾರಿದವರಿಗೆ ಫೋನ್ ಮಾಡಿದೆ. "ಬಿಸಿಲು ಜಾಸ್ತಿ ಬಿದ್ರೆ ಜುಟ್ಟು ಕೆಂಪಾಗುತ್ತೆ ಮೇಡಂ, ಕೊಯ್ದರೆ ಒಳಗೆ ಕಪ್ಪೇ" ಅಂದರು. ನಂಬಿದೆ. ಅತ್ತೆಯ ಮಾತು ಬಿಟ್ಟು ಆ ಮಾತು ನಂಬಿದ್ದು ಈಗಲೂ ಸಂಕಟ ಕೊಡುತ್ತದೆ. ಕಾರ್ತಿಕದ ಆ ದಿನದ ನಂತರ ಮಾರಿದವರ ನಂಬರ್‌ಗೆ ಕರೆ ಹೋಗುತ್ತಿಲ್ಲ. ಬಿಲ್ಲೂ ಇಲ್ಲ.

ಪಶು ಆಸ್ಪತ್ರೆಯ ಡಾಕ್ಟರು ಉಳಿದ ಕೋಳಿಗಳನ್ನು ನೋಡಿ, ಇವು ಆಸ್ಟ್ರಲಾರ್ಪ್ ಅಂದರು. ಆಸ್ಟ್ರೇಲಿಯಾದಲ್ಲಿ ಮೊಟ್ಟೆಗಾಗಿ ಬೆಳೆಸಿದ ತಳಿ. ಪುಕ್ಕ ಕಪ್ಪು, ಕೊಕ್ಕು ಕಪ್ಪು, ಕಣ್ಣು ಕಪ್ಪು, ಕಾಲೂ ಕಪ್ಪು. ದೂರದಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ. ಆದರೆ ಜುಟ್ಟು, ಕೊಕ್ಕಿನ ಕೆಳಗಿನ ಜೋಲು ಕೆಂಪು. ಚರ್ಮ ಬಿಳಿ. ಮರಿಯ ಹೊಟ್ಟೆ ಬಿಳಿ ಇರೋದೂ ಇದರ ಗುರುತೇ. ಅಂದರೆ ಬಾಕ್ಸ್ ತೆರೆದ ದಿನವೇ ಉತ್ತರ ನನ್ನ ಕಣ್ಣ ಮುಂದಿತ್ತು.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು. ಅಲ್ಲಿನವರು ಕಾಲಿ ಮಾಸಿ ಅಂತಾರೆ, ಕಪ್ಪು ಮಾಂಸದ ಕೋಳಿ ಅಂತ. 2018ರಲ್ಲಿ ಅಲ್ಲಿನ ಮಾಂಸಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಇದರ ಕಪ್ಪು ಪುಕ್ಕದ್ದಲ್ಲ, ಒಳಗಿನದು. ಚರ್ಮ, ಮಾಂಸ, ಎಲುಬು, ನಾಲಿಗೆ ಎಲ್ಲದರಲ್ಲೂ ಇದೆ. ರಕ್ತ ಮಾತ್ರ ಕೆಂಪೇ. ಪುಕ್ಕದಲ್ಲಿ ಅಚ್ಚ ಕಪ್ಪು, ಬಿಳಿ ಗೆರೆಯದು, ಕತ್ತಿನ ಮೇಲೆ ಬಂಗಾರದ ಬಣ್ಣ ಇರೋದು ಅಂತ ಮೂರು ಬಗೆ ಇವೆ. ಹಾಗಾಗಿ ಕತ್ತಿನಲ್ಲಿ ಬಣ್ಣ ಕಂಡಿತು ಅಂತ ಒಳ್ಳೆ ಕೋಳಿಯನ್ನು ಬೇಡ ಅನ್ನಬೇಡಿ. ಮೊಟ್ಟೆ ತಿಳಿ ಕಂದು ಅಥವಾ ಕೆನೆ ಬಣ್ಣದ್ದು. ಕಪ್ಪು ಮೊಟ್ಟೆ ತೋರಿಸಿ ಮಾರುವವರು ಸುಳ್ಳು ಹೇಳ್ತಿದ್ದಾರೆ. ಗಾತ್ರವೂ ದೊಡ್ಡದಲ್ಲ. ಬೆಳೆದ ಹುಂಜ ಎರಡು ಕೆಜಿ ಆಸುಪಾಸು ತೂಗುತ್ತದೆ, ಹೇಂಟೆ ಇನ್ನೂ ಕಡಿಮೆ.

ಇಷ್ಟೆಲ್ಲ ತಿಳಿದ ಮೇಲೂ ಇನ್ನೊಂದು ಸಲ ಎಡವಿದೆ. ಈ ಸಲ ಬೇರೆ ಕಡೆ, ನಾನೇ ಫಾರಂಗೆ ಹೋಗಿದ್ದೆ. ಅವರು ಒಂದು ಹೇಂಟೆ ಹಿಡಿದು ಬಾಯಿ ಬಿಡಿಸಿದರು. ನಾಲಿಗೆ ಕಪ್ಪು. ರೆಕ್ಕೆ ಎತ್ತಿದರು, ಚರ್ಮ ಕಪ್ಪು. ಸಮಾಧಾನವಾಗಿ 20 ಮರಿ ತಂದೆ. ಬಾಕ್ಸಿನ ಮೇಲಿನ ನಾಲ್ಕೈದು ಮರಿ ಮಾತ್ರ ನೋಡಿದ್ದೆ. ಮೂರು ತಿಂಗಳಿಗೆ 11 ಹೇಂಟೆಗಳು ಕಪ್ಪಾಗೇ ಬೆಳೆದವು. 9 ಹುಂಜಗಳ ಕಾಲು ತಿಳಿ ಬಣ್ಣ, ಜುಟ್ಟು ಕೆಂಪು.

ಡಾಕ್ಟರು ವಿವರಿಸಿದ್ದು ಹೀಗೆ. ಕಡಕ್‌ನಾಥ್ ಹುಂಜವನ್ನು ಬಿಳಿ ಅಥವಾ ಹಳದಿ ಕಾಲಿನ ನಾಟಿ ಹೇಂಟೆಗೆ ಬಿಟ್ಟರೆ, ಚರ್ಮ ಕಪ್ಪಾಗದಂತೆ ತಡೆಯುವ ಗುಣ ಆ ತಾಯಿಯಿಂದ ಗಂಡು ಮರಿಗಳಿಗೆ ಮಾತ್ರ ಹೋಗುತ್ತದೆ. ಹೆಣ್ಣು ಮರಿಗಳಿಗೆ ಹೋಗುವುದಿಲ್ಲ. ಅದಕ್ಕೇ ಕ್ರಾಸ್ ಹೇಂಟೆ ನೋಡೋಕೆ ಅಸಲಿ ಥರಾನೇ ಕಪ್ಪಗಿರುತ್ತದೆ. ನನಗೆ ತೋರಿಸಿದ್ದೂ ಹೇಂಟೆಯನ್ನೇ! ಆದ್ದರಿಂದ ದಯವಿಟ್ಟು ಹುಂಜ ತೋರಿಸಿ ಅಂತ ಕೇಳಿ. ಒಂದಲ್ಲ, ಅಲ್ಲೇ ಹುಟ್ಟಿ ಬೆಳೆದ ನಾಲ್ಕೈದು ಹುಂಜ. ಅಪ್ಪ ಹುಂಜ ಅಸಲಿ ಇದ್ದರೆ ಸಾಲದು, ಅದರ ಗಂಡು ಮರಿಗಳು ಹೇಗೆ ಬೆಳೆದಿವೆ ಅನ್ನೋದನ್ನು ನೋಡಬೇಕು. ತೋರಿಸೋಕೆ ಹಿಂದೆಮುಂದೆ ನೋಡಿದರೆ ವಾಪಸ್ ಬನ್ನಿ.

ಎದೆಯ ಪುಕ್ಕಕ್ಕೆ ಬಾಯಿಂದ ಊದಿದರೆ ಪುಕ್ಕ ಬಿಡಿಸಿಕೊಂಡು ಚರ್ಮ ಕಾಣುತ್ತದೆ. ಬೆಳಕಿನಲ್ಲಿ ನೋಡಿ. ಬಾಯಿ ತೆರೆಸಿ. ಅಂಗಾಲು ನೋಡಿ. ಮರಿಗಳಾದರೆ ಒಂದೊಂದನ್ನೂ ಕೈಗೆ ತೆಗೆದುಕೊಂಡು ಹೊಟ್ಟೆ ಮೇಲೆ ಮಾಡಿ ನೋಡಿ, ಅರ್ಧ ಗಂಟೆ ಹಿಡಿದರೂ ಸರಿ. ಬಿಲ್ಲಿನ ಮೇಲೆ ತಳಿಯ ಹೆಸರು ಬರೆಸಿಕೊಳ್ಳಿ. ವಿಡಿಯೋ ನೋಡಿ ಪೂರ್ತಿ ಹಣ ಕಳಿಸಬೇಡಿ.

ಆಸ್ಟ್ರಲಾರ್ಪ್ ಹೇಂಟೆಗಳು ಈಗ ಚೆನ್ನಾಗಿ ಮೊಟ್ಟೆ ಇಡುತ್ತಿವೆ. ಅವುಗಳ ತಪ್ಪೇನೂ ಇಲ್ಲ. ಕೇಳಿ ಬಂದವರಿಗೆ ಅವುಗಳ ಹೆಸರನ್ನೇ ಹೇಳಿ ಕೊಡುತ್ತೇನೆ. ಆ ಮನೆಗೆ ಅವತ್ತೇ ಸಂಜೆ ಹೋಗಿ 1,800 ರೂಪಾಯಿ ವಾಪಸ್ ಕೊಟ್ಟೆ. ಕಾಫಿ ಕೊಟ್ಟರು, ಪರವಾಗಿಲ್ಲ ಅಂದರು. ಆಮೇಲೆ ಒಂದು ಮೊಟ್ಟೆಗೂ ನಮ್ಮ ಮನೆ ಕಡೆ ಬಂದಿಲ್ಲ.