ಆಯಿಲ್ ಬದಲಾಯಿಸುವುದು ಸುಲಭ, ಹಳೆಯದನ್ನು ಎಲ್ಲಿಗೆ ಒಯ್ಯುವುದು?

ವಾರಂಟಿ ಮುಗಿದ ಮೇಲೆ ನನ್ನ ಪೆಟ್ರೋಲ್ ಕಾರನ್ನು ಶೋರೂಮಿನ ಸರ್ವಿಸಿಗೆ ಬಿಟ್ಟದ್ದು ಒಂದೇ ಸಲ. 7 ಸಾವಿರ ಚಿಲ್ಲರೆಯ ಆ ಬಿಲ್ಲಿನಲ್ಲಿ ಎಸಿ ಕ್ಲೀನಿಂಗಿಗೂ ದುಡ್ಡು ಹಿಡಿದಿದ್ದರು. ಮನೆಗೆ ಬಂದು ಗ್ಲೋವ್ ಬಾಕ್ಸ್ ಕಳಚಿ ನೋಡಿದರೆ ಎಸಿ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿನ ಮಡಿಕೆಗಳಲ್ಲಿ ಹಿಂದಿನ ಬೇಸಿಗೆಯ ಹೊಂಗೆ ಎಲೆಯ ಚೂರುಗಳು ಹಾಗೆಯೇ ಕುಳಿತಿದ್ದವು. ಅಂದಿನಿಂದ ಈ 4 ವರ್ಷಗಳಲ್ಲಿ 5 ಸಲ ನಾನೇ ಎಂಜಿನ್ ಆಯಿಲ್ ಬದಲಾಯಿಸಿದ್ದೇನೆ, ಎಲ್ಲವೂ ಮಲೆನಾಡಿನ ನಮ್ಮ ಮನೆಯಂಗಳದಲ್ಲೇ.

ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಕಾರು ಓಡಿಸಿ ಬರುತ್ತೇನೆ. ಬೆಚ್ಚಗಾದ ಆಯಿಲ್ ತೆಳುವಾಗಿ ಹರಿದು ತಳದ ಕೊಳೆಯನ್ನೂ ಹೊತ್ತು ತರುತ್ತದೆ. ಮುಂದಿನ ಚಕ್ರಗಳನ್ನು ಇಳಿಜಾರು ಮೆಟ್ಟಿನಂಥ ರ‍್ಯಾಂಪಿಗೆ ಹತ್ತಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆಯೇ ಅಡಿಗೆ ನುಸುಳುವುದು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಮಲಗುವವರ ಧೈರ್ಯ ನನಗೆ ಬೇಡ. ಆಯಿಲ್ ಹೊರಬಿಡುವ ಡ್ರೇನ್ ಬೋಲ್ಟ್ ಕೊನೆಯ ಸುತ್ತಿಗೆ ಬಂದಾಗ ಅದನ್ನು ಮೇಲಕ್ಕೆ ಒತ್ತಿಹಿಡಿದೇ ತಿರುಗಿಸಿ ಥಟ್ಟನೆ ಪಕ್ಕಕ್ಕೆ ಎಳೆದುಕೊಳ್ಳಬೇಕು, ಇಲ್ಲವಾದರೆ ಮೊಣಕೈವರೆಗೆ ಅಭಿಷೇಕ. ಹೊಸ ಆಯಿಲ್ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡುವ ಕ್ಷಣ ನನಗೆ ಬಹಳ ಪ್ರಿಯ. ಬೋಲ್ಟಿನ ಹೊಸ ವಾಷರ್ ಸೇರಿ ಎಲ್ಲಕ್ಕೂ ಕಳೆದ ಸಲ 2,300 ರೂಪಾಯಿ ಆಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಪ್ರತಿ ಸಲವೂ ಮೂರು ಲೀಟರ್ ಕಪ್ಪು ಆಯಿಲ್ ಉಳಿಯುತ್ತದೆ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಸುರಿಯುವಂತಿಲ್ಲ, ಕಸದ ಗಾಡಿಗೆ ಹಾಕುವಂತಿಲ್ಲ, ಅನುಮತಿ ಪಡೆದ ಮರುಸಂಸ್ಕರಣೆಯವರ ಕೈಗೇ ಸೇರಬೇಕು. ಆದರೆ ಡ್ರಮ್ಮುಗಳ ಲೆಕ್ಕದಲ್ಲಿ ಕೊಳ್ಳುವವರ ಮುಂದೆ ನನ್ನ ಒಂದು ಕ್ಯಾನಿಗೆ ಬೆಲೆಯೇನು? ಎರಡು ವರ್ಷ ಕ್ಯಾನುಗಳು ಬಚ್ಚಲೊಲೆಯ ಸೌದೆಯ ಪಕ್ಕದಲ್ಲೇ ಸಾಲುಗಟ್ಟಿದ್ದವು. ಅದನ್ನು ಕಂಡ ದಿನ ಅಮ್ಮ ಮಾತಾಡಲಿಲ್ಲ, ಅದೇ ಹೆಚ್ಚು ಭಯವಾಯಿತು. ಪಕ್ಕದ ತೋಟದವರು, "ಬೇಲಿ ಕಂಬಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲ, ಕೊಡಿ ಮಾರಾಯ್ರೆ" ಎಂದು ಕೇಳಿದರು. ಬೇಲಿಯಿಂದ ಹತ್ತು ಹೆಜ್ಜೆಗೆ ಬಾವಿ ಇದ್ದುದರಿಂದ ಕೊಡಲು ಮನಸ್ಸು ಬರಲಿಲ್ಲ.

ಕೊನೆಗೆ, ಹಳೆಯ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಸಂಗ್ರಹಕಾರರಿಗೆ ಕೊಡುವ ಗ್ಯಾರೇಜೊಂದಕ್ಕೆ ಒಯ್ದೆ. "ಕೆಲಸ ನೀವೇ ಮಾಡ್ಕೊಂಡು ಕೊಳೆ ಮಾತ್ರ ನಮಗೆ ತರ್ತೀರಲ್ಲ ಸಾರ್" ಎಂದ ಮೆಕ್ಯಾನಿಕ್, ನಕ್ಕರೂ ಮಾತು ಚುಚ್ಚುವಂತೆಯೇ ಇತ್ತು. ಬ್ರೇಕಿನ ಕೆಲಸಕ್ಕೆ ನಾನು ಹೇಗೂ ಕೈ ಹಾಕುವುದಿಲ್ಲವಾದ್ದರಿಂದ ಈಗ ಅದು ಅವನಿಗೇ. ಬ್ರೇಕ್ ಪ್ಯಾಡ್ ಹಾಕಿಸಲು ಹೋಗುವಾಗ ಡಿಕ್ಕಿಯಲ್ಲಿ ಕ್ಯಾನೂ ಹೋಗುತ್ತದೆ. ಸ್ವಂತ ಅಂಗಳವೂ ಇಂಥ ಒಬ್ಬ ಮೆಕ್ಯಾನಿಕ್ಕೂ ಇಲ್ಲದವರು ರ‍್ಯಾಂಪ್ ಕೊಳ್ಳುವ ಮೊದಲು ಡ್ರಮ್ ಇರುವ ಗ್ಯಾರೇಜನ್ನು ಹುಡುಕಿಕೊಳ್ಳಲಿ.