ಕ್ಲಾಕ್ ಟವರ್ ಹತ್ತಿರದ ಅಂಗಡಿಯಲ್ಲಿ ಸಿಕ್ಕ ಅಸ್ಮಾ

ಕೋಲಾರದಲ್ಲಿ ಕ್ಲಾಕ್ ಟವರ್ ಹತ್ತಿರ ಒಂದು ಚಿಕ್ಕ ಅಂಗಡಿ ಇದೆ. ಹೊರಗಿನಿಂದ ನೋಡಿದರೆ ಬರೀ ಅತ್ತರು, ಟೋಪಿ ಮಾರುವ ಅಂಗಡಿ ಅನ್ನಿಸುತ್ತದೆ. ಒಳಗೆ ಹೋದರೆ ಒಂದು ಗೋಡೆ ಪೂರ್ತಿ ಕನ್ನಡ ಪುಸ್ತಕ.

ಮಗಳ ಗೆಳತಿಯ ಹೆಸರು ಅಸ್ಮಾ. ಆ ಹೆಸರು ಯಾರದು ಅಂತ ಮಗಳು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಅಂಗಡಿಯ ಹಿರಿಯರನ್ನು ಕೇಳಿದೆ. "ಪ್ರವಾದಿ ಮುಹಮ್ಮದರ ಆಪ್ತ ಗೆಳೆಯ ಅಬೂಬಕರ್ ಅವರ ಮಗಳು ಅಮ್ಮಾ, ಪ್ರವಾದಿಯವರ ಹೆಂಡತಿ ಆಯಿಷಾ ಅವರ ಅಕ್ಕ" ಅಂದು ತೆಳ್ಳಗಿನ ಒಂದು ಪುಸ್ತಕ ತೆಗೆದುಕೊಟ್ಟರು. "ಕೂತು ನಾಲ್ಕು ಪುಟ ಓದಿ, ಹಿಡಿಸಿದರೆ ತಗೊಳ್ಳಿ" ಅಂತ ಸ್ಟೂಲೂ ಹಾಕಿದರು. ವೇಮಗಲ್ ಬಸ್ ಹೋದದ್ದೇ ಗೊತ್ತಾಗಲಿಲ್ಲ.

622ರಲ್ಲಿ ಪ್ರವಾದಿಯವರೂ ಅಬೂಬಕರ್ ಅವರೂ ಮಕ್ಕಾ ಬಿಟ್ಟು ಮದೀನಾಕ್ಕೆ ಹೊರಟಾಗ ಬುತ್ತಿ ಕಟ್ಟಲು ಏನೂ ಸಿಗಲಿಲ್ಲ. ಅಸ್ಮಾ ತಮ್ಮ ನಡುಪಟ್ಟಿಯನ್ನೇ ಎರಡಾಗಿ ಹರಿದು ಕಟ್ಟಿಕೊಟ್ಟರು. 'ಎರಡು ನಡುಪಟ್ಟಿಯವಳು' ಅನ್ನುವ ಹೆಸರು ಅದರಿಂದಲೇ ಬಂತು. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅಜ್ಜನ ಕಥೆ. ತಂದೆ ಇದ್ದ ಹಣವನ್ನೆಲ್ಲ ತಗೊಂಡು ಹೋಗಿದ್ದಾರೆ, ಕಣ್ಣು ಕಾಣದ ಅಜ್ಜ ಅಬೂ ಕುಹಾಫಾ ಬಂದು ಮೊಮ್ಮಕ್ಕಳಿಗೆ ಏನೂ ಉಳಿಸಲಿಲ್ಲವಲ್ಲ ಅಂತ ಸಂಕಟಪಡುತ್ತಾರೆ. ಅಸ್ಮಾ ಹಣ ಇಡುವ ಗೂಡಿನಲ್ಲಿ ಕಲ್ಲುಗಳನ್ನಿಟ್ಟು, ಮೇಲೆ ಬಟ್ಟೆ ಹೊದಿಸಿ, ಅಜ್ಜನ ಕೈ ಹಿಡಿದು ಅದರ ಮೇಲೆ ಇಡಿಸುತ್ತಾರೆ. ಮುಟ್ಟಿ ನೋಡಿದ ಮುದುಕರಿಗೆ ಸಮಾಧಾನವಾಗುತ್ತದೆ.

ಆಮೇಲೆ ಮದೀನಾ. ಗಂಡ ಜುಬೈರ್ ಹತ್ತಿರ ಒಂದು ಕುದುರೆ, ನೀರು ಸೇದುವ ಒಂದು ಒಂಟೆ, ಅಷ್ಟೇ. ಅಸ್ಮಾನೇ ಕುದುರೆಗೆ ಮೇವು ಹಾಕಬೇಕು, ನೀರು ತರಬೇಕು, ತೊಗಲಿನ ಚೀಲ ಹರಿದರೆ ಹೊಲಿಯಬೇಕು, ಸುಮಾರು 2 ಮೈಲಿ ದೂರದ ಜಮೀನಿನಿಂದ ಖರ್ಜೂರದ ಬೀಜ ತಲೆ ಮೇಲೆ ಹೊತ್ತು ತರಬೇಕು. ನಾನು ಎರಡು ಸೀಮೆ ಹಸು ಸಾಕಿದವಳು. ಡೈರಿಗೆ ಹಾಲು ಹಾಕಿ ಬಂದು, ಹಿಂಡಿ ಬೂಸಾ ಕಲಸಿಟ್ಟು, ಹುಲ್ಲಿನ ಹೊರೆ ಹೊತ್ತು ಬರುವ ಹೊತ್ತಿಗೆ ಕತ್ತು ಹೇಗಿರುತ್ತದೆ ಅಂತ ನನಗೆ ಗೊತ್ತು. ಆ ಪುಟವನ್ನು ಎರಡು ಸಲ ಓದಿದೆ. ಹಿಟ್ಟು ನಾದಲು ಬರುತ್ತಿತ್ತಂತೆ, ರೊಟ್ಟಿ ಸುಡಲು ಬರುತ್ತಿರಲಿಲ್ಲವಂತೆ, ನೆರೆಮನೆಯ ಅನ್ಸಾರಿ (ಮದೀನಾದ ಊರಿನವರೇ ಆದ) ಹೆಂಗಸರು ಸುಟ್ಟುಕೊಡುತ್ತಿದ್ದರಂತೆ. ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ, ಪ್ರವಾದಿಯವರ ಮತ್ತು ಅವರ ಕಾಲದವರ ಮಾತು, ನಡೆಗಳ ಸಂಗ್ರಹವಾದ ಹದೀಸಿನಲ್ಲಿ ದಾಖಲಾಗಿದೆ. ಕೊನೆಗೆ ತಂದೆ ಕುದುರೆ ನೋಡಿಕೊಳ್ಳಲು ಒಂದು ಆಳನ್ನು ಕಳಿಸಿದಾಗ ತಮಗೇ ಬಿಡುಗಡೆ ಸಿಕ್ಕ ಹಾಗಾಯಿತು ಅನ್ನುತ್ತಾರೆ. ಎಂಥ ನಿಜವಾದ ಮಾತು ಅಲ್ವಾ?

ಪುಸ್ತಕದ ಅಕ್ಷರ ತೀರಾ ಸಣ್ಣದು, ದೊಡ್ಡವರಿಗೆ ಓದಲು ಕಷ್ಟ. ಅರಬ್ಬಿ ಹೆಸರುಗಳು ಪುಟಕ್ಕೊಂದು ಥರ ಇವೆ. ನನಗೆ ಬೇಸರವಾದದ್ದು ಕೊನೆಯ ಭಾಗ. 692ರಲ್ಲಿ ಮಗ ಅಬ್ದುಲ್ಲಾ ಮಕ್ಕಾದಲ್ಲಿ ಉಮಯ್ಯದ್ ಖಲೀಫನ ಸೇನಾಪತಿ ಹಜ್ಜಾಜನ ಸೈನ್ಯದ ಎದುರು ಹೋರಾಡಿ ಸತ್ತರು. ಅಷ್ಟು ವಯಸ್ಸಾದ ತಾಯಿ ಆ ಹಜ್ಜಾಜನ ಮುಖಕ್ಕೇ ಖಡಕ್ಕಾಗಿ ಮಾತಾಡಿದರು. ಇದನ್ನು ಎರಡೇ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದಾರೆ. ಬುತ್ತಿ ಕಟ್ಟಿದ ಹುಡುಗಿಗೆ ಕೊಟ್ಟಷ್ಟು ಜಾಗ ಈ ಮುದುಕಿಗೂ ಕೊಡಬೇಕಿತ್ತು.

ಅಂಗಡಿ ಬಗ್ಗೆ ಒಂದು ದೂರೂ ಇಲ್ಲ. ಮನೆಗೆ ಬಂದು ನೋಡಿದರೆ ಪಿನ್ ಕಿತ್ತು ನಡುವಿನ ಹಾಳೆಗಳು ಕಳಚಿದ್ದವು. ಮುಂದಿನ ವಾರ ತೋರಿಸಿದೆ, ಒಂದು ಮಾತಾಡದೆ ಬೇರೆ ಪ್ರತಿ ಕೊಟ್ಟರು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ಮೂರು ಗಂಟೆ ಮೇಲೆ ಹೋಗಿ. ಪ್ರವಾದಿಯವರ ಮೊದಲ ಹೆಂಡತಿ ಖದೀಜಾ ಅವರ ಬಗ್ಗೆ ಪುಸ್ತಕ ತರಿಸಿಡುತ್ತೇನೆ ಅಂದಿದ್ದಾರೆ. ಈ ಸಲ ಮಗಳನ್ನೂ ಕರಕೊಂಡು ಹೋಗುತ್ತೇನೆ.